ತಾಯಿಗೂ ಮಗಳಿಗೂ ಒಂದೇ ದಣಿವು

ರೇಣುಕಮ್ಮ ಮಗಳ ಕೈ ಹಿಡಿದು ಎಳೆದದ್ದು ಒಂದು ಭಾನುವಾರ ಬೆಳಗ್ಗೆ. ಸಿಟ್ಟಿನಿಂದ ಎಳೆದಳು ಎಂದರೆ ಪೂರ್ತಿ ನಿಜವಾಗುವುದಿಲ್ಲ. ಸಿಟ್ಟು ಮಾಡಿಕೊಳ್ಳುವುದಕ್ಕೂ ಮೈಯಲ್ಲಿ ಒಂದಿಷ್ಟು ತ್ರಾಣ ಬೇಕು, ಅವಳಲ್ಲಿ ಅದಿರಲಿಲ್ಲ. ಮೊಳಕಾಲ್ಮೂರಿನ ಹೈಸ್ಕೂಲಿನಲ್ಲಿ ಬಿಸಿಯೂಟ ಮಾಡುವ ಮೂವರು ಹೆಂಗಸರಲ್ಲಿ ಅವಳೊಬ್ಬಳು. ವಾರಕ್ಕೆ ಆರು ದಿನ ಮುನ್ನೂರು ಮಕ್ಕಳಿಗೆ ಅನ್ನ ಸಾರು ಮಾಡಿ, ಹಂಡೆ ತಿಕ್ಕಿ, ಏಳನೆಯ ದಿನ ಮನೆಯ ಬಟ್ಟೆಯ ರಾಶಿಯ ಮುಂದೆ ಕೂರುವವಳು. ಅವತ್ತು ಕೂತವಳಿಗೆ ಏಳಲು ಆಗಲಿಲ್ಲ. ಸೊಂಟ ಹಿಡಿದುಕೊಂಡಿತ್ತು. ಒಳಗೆ ಹದಿನಾರು ವರ್ಷದ ಮಗಳು ಶಶಿರೇಖಾ ಒಂಬತ್ತು ಗಂಟೆಯಾದರೂ ಚಾಪೆ ಬಿಟ್ಟಿರಲಿಲ್ಲ.

"ಏಳೇ ಶಶಿ. ಎಷ್ಟೊತ್ತು ಅಂತ ಬಿದ್ಕೊಂಡಿರ್ತೀಯ?"

"ಆಗಲ್ಲವ್ವ."

"ಏನಾಗಲ್ಲ?"

"ಏನೂ ಆಗಲ್ಲ. ಮೈ ಏಳ್ತಿಲ್ಲ."

"ನಂಗೂ ಏಳ್ತಿಲ್ಲ. ನಾ ಮಾಡ್ತಿಲ್ವಾ?"

ಇದು ಆ ಮನೆಯಲ್ಲಿ ಆರೇಳು ತಿಂಗಳಿಂದ ನಡೆಯುತ್ತಿದ್ದ ಮಾತು. ಮಗಳು ಗೋಡೆಯ ಕಡೆ ಹೊರಳಿದಳು. ಗೋಡೆ ಹಿಡಿದು ಹೇಗೋ ಎದ್ದು ಬಂದಿದ್ದ ರೇಣುಕಮ್ಮ ಬಾಗಿ, ಅವಳ ಬಲಗೈ ಹಿಡಿದು, ಕೂರಿಸುವ ಅಂದಾಜಿಗೆ ಎಳೆದಳು. ಹಪ್ಪಳ ಮುರಿದಷ್ಟು ಸಣ್ಣ ಸದ್ದಾಯಿತು. ಅದು ಎಲ್ಲಿಂದ ಬಂತೆಂದು ಅವಳಿಗೆ ಮೊದಲು ತಿಳಿಯಲೇ ಇಲ್ಲ. ಮಗಳು ಕಿರುಚಲಿಲ್ಲ. ಬಾಯಿ ತೆರೆದು ತಾಯಿಯ ಮುಖವನ್ನೇ ನೋಡಿದಳು. ಮೊಣಕೈಗಿಂತ ಮೇಲೆ ತೋಳು ಬಾಗಬಾರದ ಕಡೆ ಬಾಗಿತ್ತು.

ಆಮೇಲೆ ಕಿರುಚಿದಳು. ಪಕ್ಕದ ಮನೆಯ ಕರಿಯಕ್ಕ ಮಗ್ಗದ ಮುಂದಿನಿಂದ ಎದ್ದು ಓಡಿ ಬಂದಳು.

"ಏನಾಯ್ತೇ? ಏನಾಯ್ತು ಹುಡುಗಿಗೆ?"

ಹೇಳಿದವಳು ಶಶಿರೇಖಾ. ಹಲ್ಲು ಕಚ್ಚಿಕೊಂಡು ಹೇಳಿದಳು: "ಬಚ್ಚಲಾಗೆ ಜಾರಿಬಿದ್ದೆ ಕರಿಯಕ್ಕ."

ರೇಣುಕಮ್ಮ ಅಲ್ಲ ಎನ್ನಲಿಲ್ಲ. ಮಧ್ಯಾಹ್ನ ಗಂಡ ಗಂಗರಾಜು ಬಂದಾಗಲೂ ಅನ್ನಲಿಲ್ಲ. ಅವನು ಮೊಳಕಾಲ್ಮೂರು ಚಳ್ಳಕೆರೆ ನಡುವೆ ಓಡುವ ಖಾಸಗಿ ಬಸ್ಸಿನ ಕಂಡಕ್ಟರ್. ಬಗಲಲ್ಲಿ ಚೀಲ ನೇತುಹಾಕಿಕೊಂಡೇ ಒಳಗೆ ಬಂದು, ಮಗಳನ್ನು ನೋಡಿ, ಬಚ್ಚಲಿಗೆ ಹೋಗಿ ಕೈಕಾಲು ತೊಳೆದು ಬಂದ. ಏನೂ ಕೇಳದೆ ಅವಳನ್ನು ಆಟೋ ಹತ್ತಿಸಿದ.

ಹೊರಗಿನ ಊರಿಂದ ಬರುತ್ತಿದ್ದ ಒಬ್ಬ ಮೂಳೆ ಡಾಕ್ಟರು ಎಕ್ಸ್‌ರೇ ತೆಗೆಸಿ ಸಿಮೆಂಟ್ ಪಟ್ಟಿ ಹಾಕಿದರು. ಅವರ ಕ್ಲಿನಿಕ್ಕಿನಲ್ಲಿ ಅವತ್ತು ಸಂತೆಯಷ್ಟು ಜನ. ಚಿತ್ರವನ್ನು ಬೆಳಕಿಗೆ ಹಿಡಿದು, "ಮೂಳೆ ಮೆತ್ತಗಿದೆ. ಈಗಿನ ಹುಡುಗೀರು ಊಟ ಎಲ್ಲಿ ಮಾಡ್ತಾರೆ? ಹಾಲು ಕುಡಿಸಿ, ಕ್ಯಾಲ್ಸಿಯಂ ಗುಳಿಗೆ ಬರೆದಿದೀನಿ, ದಿನಕ್ಕೆರಡು" ಅಂದರು. ಹೇಗೆ ಮುರಿಯಿತೆಂದು ಕೇಳಿದ್ದಕ್ಕೆ ಶಶಿರೇಖಾ ಬಚ್ಚಲಿನ ಕತೆಯನ್ನೇ ಹೇಳಿದಳು. ಅವರು ಬರೆದುಕೊಂಡರು.

ಆ ಗುಳಿಗೆಯನ್ನು ರೇಣುಕಮ್ಮ ಹರಕೆ ತೀರಿಸುವವಳ ಹಾಗೆ ನುಂಗಿಸಿದಳು. ಬೆಳಗ್ಗೆ ಒಂದು, ಸಂಜೆ ಒಂದು. ಜೊತೆಗೆ ರಾಗಿ ಗಂಜಿ, ಎರಡು ಲೋಟ ಹಾಲು, ಮೊಟ್ಟೆ. ತಾನು ಮುರಿದದ್ದನ್ನು ತಾನೇ ಕೂಡಿಸಬೇಕೆಂಬ ಹಟ ಅವಳಿಗೆ. ಆದರೆ ಹುಡುಗಿ ಚೇತರಿಸಿಕೊಳ್ಳುವ ಬದಲು ಇಳಿಯುತ್ತಾ ಹೋದಳು. ತಿಂದದ್ದು ವಾಂತಿ. ಹೊಟ್ಟೆ ಕಟ್ಟಿಕೊಂಡು ನಾಕು ದಿನಕ್ಕೊಮ್ಮೆ ಕಕ್ಕಸಿಗೆ. ಬಾಯಾರಿಕೆ ಎಷ್ಟೆಂದರೆ ತುಂಬಿಸಿಟ್ಟ ಸ್ಟೀಲ್ ಕೊಡ ಮಧ್ಯಾಹ್ನಕ್ಕೆ ಖಾಲಿ. ಕುಡಿದದ್ದೆಲ್ಲ ಗಳಿಗೆಗೊಮ್ಮೆ ಹೊರಗೆ. ಕಾಲೇಜಿನಲ್ಲಿ ಮೊದಲನೆಯ ಪಿಯುಸಿ. ಲೆಕ್ಚರರು ಫೋನು ಮಾಡಿ, "ನಿಮ್ಮ ಹುಡುಗಿ ಕ್ಲಾಸಿನಲ್ಲಿ ತೂಕಡಿಸ್ತಾಳೆ, ಹೆಸರು ಕರೆದರೆ ಎರಡನೇ ಸಲಕ್ಕೆ ಕಣ್ಣು ಬಿಡ್ತಾಳೆ" ಅಂದರು. ಹೈಸ್ಕೂಲಿನಲ್ಲಿ ಖೋ ಖೋ ಆಡುತ್ತಿದ್ದ ಹುಡುಗಿ ಅದು. ಈಗ ಓಣಿಯ ತುದಿಯ ದಿಬ್ಬ ಹತ್ತುವಾಗ ಎರಡು ಕಡೆ ಕೂರುತ್ತಿದ್ದಳು.

ಕರಿಯಕ್ಕ ಒಂದು ದಿನ ಕಟ್ಟೆಯ ಮೇಲೆ ಕೂತು ದನಿ ತಗ್ಗಿಸಿದಳು. "ಮನಸ್ಸಿನಾಗೆ ಏನಾನ ಐತೇನೋ ಕೇಳೇ. ಯಾವನಾನ ಹುಡುಗ ಗಿಡುಗ. ವಯಸ್ಸು ಅಂಥಾದ್ದು."

"ಅದಕ್ಕೂ ತ್ರಾಣ ಬೇಕಲ್ಲ ಕರಿಯಕ್ಕ," ಅಂದಳು ರೇಣುಕಮ್ಮ.

ಹಾಗೆಂದರೂ ಒಳಗೊಳಗೆ ಅವಳಿಗೂ ಅನುಮಾನವೇ. ಸೋಮಾರಿತನವೆಂದು ಒಂದು ದಿನ, ಮೊಬೈಲಿನ ಚಟವೆಂದು ಇನ್ನೊಂದು ದಿನ ಅನ್ನಿಸುತ್ತಿತ್ತು. ಯಾಕೆಂದರೆ ದಣಿವು ಅವಳಿಗೆ ಹೊಸದಲ್ಲ. ಶಶಿ ಹುಟ್ಟಿದಾಗಿನಿಂದ, ಬಹುಶಃ ಅದಕ್ಕೂ ಮುಂಚಿನಿಂದ, ಅವಳ ಮೈ ಎಂದೂ ಹಗುರವಾಗಿ ಎದ್ದದ್ದಿಲ್ಲ. ಬೆರಳ ಗೆಣ್ಣು ನೋವು, ಸೊಂಟ ನೋವು, ಮಧ್ಯಾಹ್ನವಾದರೆ ತಲೆಯಲ್ಲಿ ಮಂಜು ಕವಿದ ಹಾಗೆ. ಇಪ್ಪತ್ತೆಂಟರಲ್ಲಿ ಒಮ್ಮೆ, ಮೂವತ್ತನಾಲ್ಕರಲ್ಲಿ ಒಮ್ಮೆ ಮೂತ್ರದಲ್ಲಿ ಕಲ್ಲು ಬಿದ್ದಿತ್ತು. ಬಾಳೆದಿಂಡಿನ ರಸ ಕುಡಿದು ಸುಮ್ಮನಾಗಿದ್ದಳು. ಅವಳ ತಾಯಿ ಲಕ್ಷ್ಮಕ್ಕನೂ ಹೀಗೇ. ಐವತ್ತು ತುಂಬುವ ಮುಂಚೆ ಬೆನ್ನು ಬಾಗಿ, ಒಂದು ದಿನ ಕೊಡ ಎತ್ತುವಾಗ ತೊಡೆಯ ಮೂಳೆ ಮುರಿದು ಮಲಗಿದವಳು ಮತ್ತೆ ಎದ್ದಿರಲಿಲ್ಲ. ಹೆಣ್ಣಿನ ಮೈ ಅಂದರೆ ಇಷ್ಟೇ, ಎಲ್ಲರೂ ಇದನ್ನು ಹೊತ್ತುಕೊಂಡೇ ಕೆಲಸ ಮಾಡುತ್ತಾರೆ ಎಂದು ರೇಣುಕಮ್ಮ ತಿಳಿದಿದ್ದಳು. ತಾನು ಹೊತ್ತದ್ದನ್ನು ಮಗಳು ಯಾಕೆ ಹೊರಲಾರಳು ಎಂಬುದೊಂದೇ ಅವಳಿಗೆ ಬಿಡಿಸಲಾಗದ ಪ್ರಶ್ನೆಯಾಗಿತ್ತು.

ಸಿಮೆಂಟ್ ಪಟ್ಟಿ ಬಿಚ್ಚಿ ಆರು ವಾರವಾಗಿತ್ತು. ಒಂದು ಮಂಗಳವಾರ ಶಾಲೆಯ ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ ಕಾಲೇಜಿನಿಂದ ಫೋನು ಬಂತು. ಶಶಿರೇಖಾ ಬೆಂಚಿನ ಮೇಲೆ ಮುದುಡಿಕೊಂಡು, ಬೆನ್ನಿನಿಂದ ತೊಡೆಯ ಸಂದಿಯವರೆಗೆ ಚುಚ್ಚುತ್ತದೆಂದು ಹೊರಳಾಡುತ್ತಿದ್ದಳು. ಆ ನೋವು ಎಂಥದ್ದೆಂದು ರೇಣುಕಮ್ಮನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಗಂಗರಾಜುವಿನ ಬಸ್ಸು ಹೊರಡುವ ಹೊತ್ತು. ಹಿಂದಿನ ಉದ್ದ ಸೀಟಿನಲ್ಲಿ ಮಗಳನ್ನು ಮಲಗಿಸಿಕೊಂಡು ಚಳ್ಳಕೆರೆಗೆ ಹೊರಟರು. ಹಾನಗಲ್ ದಾಟುವಾಗ ಒಮ್ಮೆ, ತಳಕಿನ ಹತ್ತಿರ ಒಮ್ಮೆ ವಾಂತಿಯಾಯಿತು. ಗಂಗರಾಜು ಟಿಕೆಟ್ ಕೊಡುವುದನ್ನು ಡ್ರೈವರನ ಪಕ್ಕದ ಕ್ಲೀನರಿಗೆ ಒಪ್ಪಿಸಿ, ಮಗಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಕೂತ.

ಚಳ್ಳಕೆರೆಯ ಆಸ್ಪತ್ರೆಯಲ್ಲಿ ಅವತ್ತು ಇದ್ದವರು ಡಾಕ್ಟರ್ ಕಾಂಚನಾ. ನಲವತ್ತರ ಆಸುಪಾಸಿನ ಹೆಂಗಸು, ಅವರ ಕಣ್ಣಿನ ಕೆಳಗೂ ನಿದ್ದೆಗೆಟ್ಟ ಕಪ್ಪು. ನೋವಿಗೆ ಇಂಜೆಕ್ಷನ್ ಕೊಟ್ಟು ಸ್ಕ್ಯಾನ್ ಮಾಡಿಸಿದರು. ಎರಡೂ ಮೂತ್ರಪಿಂಡದಲ್ಲಿ ಕಲ್ಲು. ವರದಿಯನ್ನು ಎರಡು ಸಲ ಓದಿದರು.

"ಹದಿನಾರು ವರ್ಷಕ್ಕೆ ಎರಡೂ ಕಡೆ ಕಲ್ಲಾ?" ಅಂದರು. ಶಶಿರೇಖಾಳ ತೋಳು ಹಿಡಿದು ನೋಡಿ, "ಇದು ಯಾವಾಗ ಮುರಿದಿದ್ದು?" ಎಂದು ಕೇಳಿದರು.

"ಮೂರು ತಿಂಗಳಾಯ್ತು ಮೇಡಂ. ಬಚ್ಚಲಾಗೆ ಬಿದ್ದೆ."

"ಬೇರೆ ಏನಾದ್ರೂ ತೊಂದ್ರೆ?"

ಹುಡುಗಿ ಇಲ್ಲವೆಂದು ತಲೆಯಾಡಿಸಿದಳು. ಅಷ್ಟು ದೊಡ್ಡ ಪಟ್ಟಿಯನ್ನು ಹೇಳಲು ಅವಳಿಗೆ ಶಕ್ತಿಯಿರಲಿಲ್ಲ. ರೇಣುಕಮ್ಮ ಒಂದೊಂದಾಗಿ ಹೇಳಿದಳು. ವಾಂತಿ, ಬಾಯಾರಿಕೆ, ಮಲಬದ್ಧತೆ, ನಿದ್ದೆ, ಮಂಕು. ಹೇಳುತ್ತಾ ಹೇಳುತ್ತಾ ಗಂಡನ ಕಡೆ ನೋಡಿ, "ಒಂದು ಬಾಟ್ಲಿ ನೀರು ತಗಂಬರ್ರಿ," ಅಂದಳು. ಅವನು ಹೋದ ಮೇಲೆ ಬಾಗಿಲ ಕಡೆ ಇನ್ನೊಮ್ಮೆ ನೋಡಿ ಡಾಕ್ಟರ ಮೇಜಿನ ಅಂಚು ಹಿಡಿದಳು.

"ಬಚ್ಚಲಾಗಲ್ಲ ಮೇಡಂ. ನಾ ಎಳೆದೆ. ಏಳಲಿಲ್ಲ ಅಂತ ಕೈ ಹಿಡಿದು ಎಳೆದೆ. ಮುರೀತು."

"ಅವ್ವ, ಬಿಡು," ಅಂದಳು ಹಾಸಿಗೆಯ ಮೇಲಿದ್ದ ಶಶಿರೇಖಾ.

ಡಾಕ್ಟರು ಗದರಲಿಲ್ಲ. ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ತಮ್ಮ ಬಲಗೈ ಚಾಚಿದರು. "ಎಷ್ಟು ಜೋರಾಗಿ ಎಳೆದ್ರಿ? ನನ್ನ ಕೈ ಎಳೀರಿ. ಅಷ್ಟೇ ಜೋರಾಗಿ."

ರೇಣುಕಮ್ಮ ಹಿಂದೆ ಸರಿದಳು. "ಬ್ಯಾಡ ಮೇಡಂ."

"ಎಳೀರಿ, ಪರವಾಗಿಲ್ಲ. ನಂಗೆ ಗೊತ್ತಾಗ್ಬೇಕು."

ರೇಣುಕಮ್ಮ ಆ ಕೈ ಹಿಡಿದು ಎಳೆದಳು. ಡಾಕ್ಟರು ಕುರ್ಚಿಯಿಂದ ಅಲುಗಲೂ ಇಲ್ಲ.

"ಇಷ್ಟೇನಾ?"

"ಇಷ್ಟೇ. ನನ್ನ ಮೈಯಾಗೂ ಇಷ್ಟಕ್ಕಿಂತ ಜಾಸ್ತಿ ಇರ್ಲಿಲ್ಲ."

"ನೋಡಿ ರೇಣುಕಮ್ಮ, ಇಷ್ಟಕ್ಕೆ ಸರಿಯಾಗಿರೋ ಮೂಳೆ ಮುರಿಯಲ್ಲ. ನೀವು ಮುರೀಲಿಲ್ಲ. ಅದು ಮುಂಚೆನೇ ಒಳಗೆ ಮುರಿಯೋಕೆ ತಯಾರಾಗಿತ್ತು. ಇದನ್ನ ಆವತ್ತೇ ಹೇಳಿದ್ರೆ ಚೆನ್ನಾಗಿತ್ತು," ಅಂದು ಚೀಟಿಯ ಮೇಲೆ ರಕ್ತಪರೀಕ್ಷೆ ಬರೆದರು. ಕೊನೆಯ ಮಾತು ಮೃದುವಾಗಿಯೇ ಬಂದಿತ್ತು. ಆದರೂ ರೇಣುಕಮ್ಮನ ಎದೆಯಲ್ಲಿ ಕೂತದ್ದು ಅದೊಂದೇ.

ಎದುರು ರಸ್ತೆಯ ಲ್ಯಾಬಿನ ಹುಡುಗ ಮುಬಾರಕ್ ಬಂದು ರಕ್ತ ತೆಗೆದುಕೊಂಡು ಹೋದ. ಹುಡುಗನೆಂದರೆ ಮೂವತ್ತು ದಾಟಿದವನೇ. ಅರ್ಧ ಗಂಟೆಗೆ ಮತ್ತೆ ಬಂದ. "ಅಕ್ಕ, ಬೇಜಾರ್ ಮಾಡ್ಕೋಬ್ಯಾಡ್ರಿ. ಇನ್ನೊಂದ್ಸಲ ತೆಗೀತೀನಿ. ನಂಬರ್ ಯಾಕೋ ಸರಿ ಬರ್ತಿಲ್ಲ. ನಾನೇ ತೋಳಿಗೆ ಪಟ್ಟಿ ಬಿಗಿಯಾಗಿ ಕಟ್ಟಿದ್ನೇನೋ." ಈ ಸಲ ಪಟ್ಟಿಯನ್ನೇ ಕಟ್ಟದೆ, ನರ ಹುಡುಕಿ ತೆಗೆದ. ಎರಡನೆಯ ವರದಿಯನ್ನು ಯಾರ ಕೈಗೂ ಕೊಡದೆ ತಾನೇ ರಸ್ತೆ ದಾಟಿ ಡಾಕ್ಟರ ಮುಂದೆ ನಿಂತ. "ಎರಡು ಸಲಾನೂ ಹದಿನಾಕರ ಮೇಲೆ ಮೇಡಂ. ಕ್ಯಾಲ್ಸಿಯಂ. ಮಶೀನ್ ಸರಿ ಐತೆ, ನನ್ನದೇ ರಕ್ತ ಹಾಕಿ ನೋಡ್ದೆ, ಒಂಬತ್ತೂವರೆ ಬಂತು."

ಡಾಕ್ಟರ್ ಕಾಂಚನಾ ಎದ್ದು ನಿಂತರು. "ಮನೇಲಿ ಏನಾದ್ರೂ ಗುಳಿಗೆ ಕೊಡ್ತಿದೀರಾ ಇವಳಿಗೆ?"

ರೇಣುಕಮ್ಮ ಚೀಲದಿಂದ ಡಬ್ಬಿ ತೆಗೆದಳು. ಪ್ರಯಾಣದಲ್ಲೂ ಒಂದು ಹೊತ್ತು ತಪ್ಪಬಾರದೆಂದು ತಂದಿದ್ದಳು.

"ಇವತ್ತಿಂದ ಇದು ಬೇಡ," ಅಂದರು ಡಾಕ್ಟರು. ಅಷ್ಟೇ. ಡಬ್ಬಿಯನ್ನು ಮೇಜಿನ ಆಚೆ ಸರಿಸಿಟ್ಟರು. ಮೂರು ತಿಂಗಳು ಎರಡು ಹೊತ್ತು ತಾನು ಕಣ್ಮುಂದೆ ನಿಂತು ನುಂಗಿಸಿದ್ದು ಏನೆಂದು ರೇಣುಕಮ್ಮನಿಗೆ ಆಗ ಅರ್ಥವಾಯಿತು. ಗೋಡೆಗೆ ಒರಗಿ ನೆಲದ ಮೇಲೆ ಕೂತಳು. ನೀರಿನ ಬಾಟಲಿ ಹಿಡಿದು ಒಳಗೆ ಬಂದ ಗಂಗರಾಜು ಅವಳಿಗೇ ಏನೋ ಆಯಿತೆಂದುಕೊಂಡ.

ಕೈಗೆ ಸಲೈನ್ ಏರಿಸಿದರು. ಬಾಟಲಿಯ ಮೇಲೆ ಬಾಟಲಿ. ಇನ್ನೊಂದು ರಕ್ತದ ಶೀಷೆ ಬೆಂಗಳೂರಿಗೆ ಹೋಯಿತು. ಅದರ ಫಲಿತಾಂಶ ಬರಲು ಮೂರು ದಿನ ಹಿಡಿಯಿತು. ಅಷ್ಟರಲ್ಲಿ ಒಂದು ಸಣ್ಣ ಕಲ್ಲು ತಾನಾಗೇ ಬಿತ್ತು, ಹುಡುಗಿ ಒಂದಿಷ್ಟು ಕಣ್ಣು ಬಿಟ್ಟಳು. ನಾಲ್ಕನೆಯ ದಿನ ಡಾಕ್ಟರ್ ಕಾಂಚನಾ ಗಂಡ ಹೆಂಡಿರನ್ನು ಕೂರಿಸಿಕೊಂಡು ಹೇಳಿದರು.

"ನಮ್ಮ ಕೊರಳಿನಲ್ಲಿ, ಥೈರಾಯ್ಡ್‌ನ ಬೆನ್ನಿಗೆ, ನಾಕು ಸಣ್ಣ ಗ್ರಂಥಿ ಇರ್ತವೆ. ತೊಗರಿಬೇಳೆಯಷ್ಟು. ಪ್ಯಾರಾಥೈರಾಯ್ಡ್ ಅಂತಾರೆ. ರಕ್ತದಲ್ಲಿ ಸುಣ್ಣದಂಶ, ಅಂದ್ರೆ ಕ್ಯಾಲ್ಸಿಯಂ, ಎಷ್ಟಿರಬೇಕು ಅಂತ ನೋಡ್ಕೊಳ್ಳೋದು ಅವುಗಳ ಕೆಲಸ. ಇವಳಿಗೆ ಅವು ವಿಪರೀತ ಕೆಲಸ ಮಾಡ್ತಿವೆ. ರಕ್ತದಲ್ಲಿ ಸುಣ್ಣ ಸಾಲದು ಸಾಲದು ಅಂತ ಮೂಳೆಯಿಂದ ಎಳೆದೆಳೆದು ತರ್ತಿವೆ. ಮೂಳೆ ಟೊಳ್ಳಾಗುತ್ತೆ. ರಕ್ತದಲ್ಲಿ ಜಾಸ್ತಿಯಾಗಿದ್ದು ಕಿಡ್ನಿಯಲ್ಲಿ ಕಲ್ಲಾಗುತ್ತೆ. ದಣಿವು, ವಾಂತಿ, ಬಾಯಾರಿಕೆ, ಮಂಕು, ಎಲ್ಲ ಅದರದ್ದೇ."

"ಅಂದ್ರೆ ಸೋಮಾರಿತನ ಅಲ್ಲ," ಅಂದ ಗಂಗರಾಜು. ಯಾರಿಗೆ ಹೇಳಿದನೋ ಗೊತ್ತಾಗಲಿಲ್ಲ.

"ಅಲ್ಲ. ಈ ಕಾಯಿಲೆ ಸಾಮಾನ್ಯವಾಗಿ ಐವತ್ತು ದಾಟಿದವರಲ್ಲಿ ಬರೋದು. ಅವರಲ್ಲಿ ಎಷ್ಟೋ ಸಲ ಸದ್ದೇ ಮಾಡಲ್ಲ. ಬೇರೆ ಯಾವುದಕ್ಕೋ ರಕ್ತ ಪರೀಕ್ಷೆ ಮಾಡಿಸಿದಾಗ ಸಿಕ್ಕಿಬೀಳುತ್ತೆ. ಚಿಕ್ಕ ವಯಸ್ಸಿನವರಲ್ಲಿ ಅಪರೂಪ. ಆದ್ರೆ ಬಂದಾಗ ಹೀಗೇ, ಮೂಳೆ ಮುರಿದು, ಕಲ್ಲು ತಂದು, ಜೋರಾಗಿ ಬರುತ್ತೆ. ಯಾರಿಗೂ ಈ ವಯಸ್ಸಿಗೆ ಇದು ಹೊಳೆಯಲ್ಲ, ಅದಕ್ಕೇ ತಡವಾಗುತ್ತೆ. ಇನ್ನೊಂದು ವ್ಯತ್ಯಾಸ ಇದೆ. ದೊಡ್ಡವರಲ್ಲಿ ಹೆಚ್ಚಿನಂಶ ನಾಕರಲ್ಲಿ ಒಂದು ಗ್ರಂಥಿ ಕೆಟ್ಟಿರುತ್ತೆ. ಸಣ್ಣವರಲ್ಲಿ ಒಂದಕ್ಕಿಂತ ಹೆಚ್ಚು ಕೆಟ್ಟಿದ್ರೆ, ಅದು ಮನೆತನದಲ್ಲಿ ಹರಿದು ಬಂದಿದ್ದಿರಬಹುದು. ನಿಮ್ಮ ಕಡೆ ಯಾರಿಗಾದ್ರೂ ಕಲ್ಲು, ಮೂಳೆ ಮುರಿಯೋದು?"

ಗಂಗರಾಜುವೇ ಬಾಯಿಬಿಟ್ಟ. "ಇವಳಿಗೆ ಎರಡ್ಸಲ ಕಲ್ಲು ಬಿದ್ದಿತ್ತು ಮೇಡಂ. ಅವ್ರವ್ವ ತೊಡೆ ಮುರಿದು ಹೋದ್ಲು."

"ಮುಬಾರಕ್‌ನ ಕರೀರಿ," ಅಂದರು ಡಾಕ್ಟರು ನರ್ಸಿಗೆ.

"ನಂಗೇನಾಗೈತೆ ಮೇಡಂ? ಬ್ಯಾಡ. ಮಗಳದ್ದು ನೋಡ್ರಿ," ಅಂದಳು ರೇಣುಕಮ್ಮ. ಆದರೂ ತೋಳು ಚಾಚಿದಳು. ವಾದ ಮಾಡುವುದಕ್ಕಿಂತ ತೋಳು ಚಾಚುವುದು ಸುಲಭವಾಗಿತ್ತು. ಸಂಜೆಗೆ ವರದಿ ಬಂತು. ಹನ್ನೊಂದೂ ಚಿಲ್ಲರೆ. ಮಗಳಿಗಿಂತ ಕಡಿಮೆ, ಇರಬೇಕಾದ್ದಕ್ಕಿಂತ ಜಾಸ್ತಿ. ಕಲ್ಲು ಬಿದ್ದದ್ದರಿಂದ, ಐವತ್ತರೊಳಗಿನ ವಯಸ್ಸಾದ್ದರಿಂದ ಇವಳಿಗೂ ಆಪರೇಷನ್ನೇ ಒಳ್ಳೆಯದು, ಆದರೆ ಮಗಳದ್ದು ಮೊದಲು ಅಂದರು. "ಅಣ್ಣ ತಮ್ಮ ಇದಾರಾ? ಅವರನ್ನೂ ನೋಡಬೇಕು, ಅವರ ಮಕ್ಕಳನ್ನೂ."

"ತಮ್ಮ ಒಬ್ಬ ಅವ್ನೆ. ದುರುಗೇಶ ಅಂತ, ದೇವಸಮುದ್ರದಾಗೆ. ಕುರಿ ಸಾಕ್ಕೊಂಡವ್ನೆ."

ವಾರದ ನಂತರ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಹೊರಟರು. ಬೆಳಗಿನ ಬಸ್ಸು. ಶಶಿರೇಖಾ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು. ಹಿರಿಯೂರು ದಾಟಿದ ಮೇಲೆ ರೇಣುಕಮ್ಮ ಗಂಡನ ಕಡೆ ತಿರುಗದೆಯೇ ಮುಂದಿನ ಸೀಟಿನ ಬೆನ್ನಿಗೆ ಹೇಳುವವಳಂತೆ ಹೇಳಿದಳು.

"ಅವಳು ಬಚ್ಚಲಾಗೆ ಬೀಳಲಿಲ್ಲ. ನಾ ಎಳೆದೆ."

"ಗೊತ್ತು," ಅಂದ ಗಂಗರಾಜು.

ಅವಳು ತಿರುಗಿ ನೋಡಿದಳು.

"ಆವತ್ತು ಕೈಕಾಲು ತೊಳಿಯಾಕೆ ಹೋದ್ನಲ್ಲ. ಬಚ್ಚಲು ಒಣಗಿತ್ತು. ಯಾರೂ ನೀರು ಮುಟ್ಟಿರ್ಲಿಲ್ಲ."

"ಮತ್ತೆ ಯಾಕೆ ಕೇಳಲಿಲ್ಲ?"

"ಕೇಳಿ ಏನ್ ಮಾಡ್ಲಿ? ನಿನ್ನ ಮುಖ ನೋಡಿದ್ರೆ ನಿಂಗೇ ಯಾರೋ ಹೊಡ್ದಂಗಿತ್ತು." ಮಗಳ ಕಡೆ ನೋಡಿ, "ಕೇಳಿದ್ರೆ ಮೂರು ತಿಂಗ್ಳು ಮುಂಚೆ ಗೊತ್ತಾಗ್ತಿತ್ತೇನೋ. ಅದು ನಂದೂ ತಪ್ಪೇ," ಅಂದ. ತಪ್ಪನ್ನು ಇಬ್ಬರು ಹಂಚಿಕೊಂಡರೂ ಅದರ ಭಾರ ಅರ್ಧವಾಗಲಿಲ್ಲ. ಆದರೆ ಸುಳ್ಳೊಂದನ್ನು ಹೊತ್ತು ತಿರುಗುವುದಾದರೂ ತಪ್ಪಿತು.

ಆಪರೇಷನ್ ಮೂರು ಗಂಟೆ ನಡೆಯಿತು. ನಾಲ್ಕೂ ಗ್ರಂಥಿ ಊದಿದ್ದವು. ಮೂರೂವರೆ ತೆಗೆದು ಅರ್ಧ ಉಳಿಸಿದ್ದೇವೆ, ಇದು ಮನೆತನದಲ್ಲಿ ಬಂದದ್ದೇ ಇರಬೇಕು, ಮೈಯ ಬೇರೆ ಗ್ರಂಥಿಗಳನ್ನೂ ವರ್ಷ ವರ್ಷ ನೋಡಿಸುತ್ತಿರಬೇಕು ಎಂದರು ಅಲ್ಲಿನ ಡಾಕ್ಟರು. ಕೊರಳಿಗೆ ಅಡ್ಡಲಾಗಿ ಬಟ್ಟೆಪಟ್ಟಿ ಅಂಟಿಸಿಕೊಂಡು ಮಗಳು ಹೊರಗೆ ಬಂದಾಗ ರೇಣುಕಮ್ಮ ಎಲ್ಲ ಮುಗಿಯಿತೆಂದುಕೊಂಡಳು.

ಮುಗಿದಿರಲಿಲ್ಲ. ಮಾರನೆಯ ದಿನ ಮಧ್ಯಾಹ್ನ ಶಶಿರೇಖಾ, "ಅವ್ವ, ಬಾಯಿ ಸುತ್ತ ಇರುವೆ ಹರಿದಂಗೆ ಆಗ್ತೈತೆ," ಅಂದಳು. ನೋಡುತ್ತಿದ್ದ ಹಾಗೆ ಬೆರಳುಗಳು ಸೆಟೆದು ಒಳಕ್ಕೆ ಮಡಚಿಕೊಂಡವು. ನರ್ಸು ಓಡಿ ಬಂದು ರಕ್ತನಾಳಕ್ಕೆ ಮದ್ದು ಹಾಕಿದಳು.

"ಅದೇನು ಮದ್ದು ತಾಯಿ?" ರೇಣುಕಮ್ಮ ಕೇಳಿದಳು.

"ಕ್ಯಾಲ್ಸಿಯಂ."

ರೇಣುಕಮ್ಮ ಅವಳ ಕೈ ಹಿಡಿದುಬಿಟ್ಟಳು. "ಅಯ್ಯೋ ಬ್ಯಾಡ, ಅದು ಕೊಟ್ಟೇ ನಾ ಮಗಳನ್ನ ಇಷ್ಟು ಮಾಡಿದ್ದು!"

ಆ ಕೈಯನ್ನು ಬಿಡಿಸಲು ಒಬ್ಬ ಕಿರಿಯ ಡಾಕ್ಟರು ಬರಬೇಕಾಯಿತು. ಅವರು ನಿಧಾನಕ್ಕೆ ತಿಳಿಸಿದರು. ಇಷ್ಟು ದಿನ ಮೂಳೆಯಿಂದ ಕಿತ್ತುಕೊಳ್ಳುತ್ತಿದ್ದ ಗ್ರಂಥಿ ಈಗಿಲ್ಲ. ಹಸಿದ ಮೂಳೆಗಳು ರಕ್ತದಲ್ಲಿರುವ ಸುಣ್ಣವನ್ನೆಲ್ಲ ಗಬಗಬ ನುಂಗುತ್ತಿವೆ. ಎಳೆಯ ಮೂಳೆ, ಹಸಿವೂ ಜಾಸ್ತಿ. ಈಗ ಕೊಡಲೇಬೇಕು, ಇನ್ನು ಕೆಲವು ತಿಂಗಳು ಕೊಡುತ್ತಲೇ ಇರಬೇಕು. ರೇಣುಕಮ್ಮ ಕೇಳಿಸಿಕೊಂಡಳು, ಒಪ್ಪಿದಳು. ಆದರೆ ಮೊದಲ ಗುಳಿಗೆಯನ್ನು ಮಗಳ ಬಾಯಿಗೆ ತಾನು ಹಾಕಲಾರದೆ ನರ್ಸಿನ ಕೈಗೆ ಕೊಟ್ಟಳು.

ಹನ್ನೊಂದು ದಿನ ವಾರ್ಡಿನಲ್ಲಿ ಉಳಿಯಬೇಕಾಯಿತು. ಒಂಬತ್ತನೆಯ ದಿನವೋ ಏನೋ, ಶಶಿರೇಖಾ ತಾನಾಗೇ ಎದ್ದು ಕೂತು, ಇಡ್ಲಿ ತಿಂದು, ಮಂಚದ ಕೆಳಗೆ ಚಾಪೆ ಹಾಸಿಕೊಂಡಿದ್ದ ತಾಯಿಯನ್ನು ಮೇಲಿಂದ ನೋಡಿದಳು. ಕೊರಳಿನ ದನಿ ಇನ್ನೂ ಒರಟಾಗಿತ್ತು.

"ಅವ್ವ, ಕಣ್ಣ ಮುಂದಿನ ಪರದೆ ತೆಗೆದಂಗೈತೆ."

"ಒಳ್ಳೇದಾಯ್ತು."

"ನಿಂಗೂ ಹಿಂಗೇ ಇತ್ತಾ? ನಂಗಾಗಿದ್ದು?"

"ನಿನ್ನಷ್ಟಿಲ್ಲ. ಇತ್ತು."

"ಎಷ್ಟು ವರ್ಷದಿಂದ?"

"ನೀ ಹುಟ್ಟಿದಾಗಿಂದ ಅನ್ಕೋ."

ಹುಡುಗಿ ಲೆಕ್ಕ ಹಾಕಿದಳೋ ಏನೋ, ಅವಳ ಮುಖ ಸಣ್ಣದಾಯಿತು. "ಇದನ್ನ ಮೈಯಾಗೆ ಇಟ್ಕೊಂಡು ಅನ್ನದ ಹಂಡೆ ಎತ್ತುತ್ತಿದ್ಯಾ?" ಅಂದಳು. ರೇಣುಕಮ್ಮನಿಗೆ ಮಗಳ ಕಣ್ಣಿನಲ್ಲಿ ನೀರು ಕಂಡಿತು. ತನಗಾಗಿ ಯಾರೂ ಅತ್ತ ನೆನಪಿರಲಿಲ್ಲ ಅವಳಿಗೆ.

"ಅದಕ್ಕೇ ಕಣೇ ನಿಂಗೆ ಸೋಮಾರಿ ಅಂದಿದ್ದು. ನಾ ಮಾಡ್ತೀನಲ್ಲ, ನೀ ಯಾಕೆ ಮಾಡಲ್ಲ ಅಂತ. ಎಲ್ಲಾರ್ಗೂ ಹಿಂಗೇ ಇರ್ತೈತೆ ಅನ್ಕೊಂಡಿದ್ದೆ. ತಪ್ಪಾಯ್ತು," ಅಂದಳು. ಮಗಳ ಮುಂದೆ ಆ ಮಾತು ಆಡಿದ್ದು ಅದೇ ಮೊದಲು.

ಊರಿಗೆ ಬಂದ ಮೇಲೆ ರೇಣುಕಮ್ಮ ತನ್ನ ಆಪರೇಷನ್ನನ್ನು ಮುಂದೂಡುತ್ತಾ ಹೋದಳು. ಮೊದಲು ಮಗಳ ಪರೀಕ್ಷೆ ಅಂದಳು. ಆಮೇಲೆ ಅಡುಗೆಯವರಲ್ಲಿ ಒಬ್ಬಳು ಬಾಣಂತನಕ್ಕೆ ಹೋಗಿದ್ದಾಳೆ, ಕೈ ಸಾಲದು ಅಂದಳು. ನಿಜವಾದ ಕಾರಣ ಬೇರೆ. ಇಪ್ಪತ್ತು ವರ್ಷ ಜೊತೆಗಿದ್ದದ್ದನ್ನು ತೆಗೆಸಿಕೊಳ್ಳಲು ಓಡಾಡುವಷ್ಟು ಉಮೇದು ಅವಳಲ್ಲಿ ಇರಲಿಲ್ಲ. ಆ ಉಮೇದನ್ನು ಕಿತ್ತುಕೊಂಡದ್ದೂ ಅದೇ ಕಾಯಿಲೆ. ಕೊನೆಗೆ ಬೇಸಿಗೆ ರಜೆಯಲ್ಲಿ ಶಶಿರೇಖಾಳೇ ಚಳ್ಳಕೆರೆಗೆ ಹೋಗಿ, ಡಾಕ್ಟರ್ ಕಾಂಚನಾರಿಂದ ಕಾಗದ ಬರೆಸಿಕೊಂಡು, ಬೆಂಗಳೂರಿಗೆ ಫೋನು ಮಾಡಿ ದಿನ ಗೊತ್ತು ಮಾಡಿಕೊಂಡು ಬಂದಳು.

ಬೆಂಗಳೂರಿಗೆ ಹೋಗುವ ಮುಂಚೆ ಚಳ್ಳಕೆರೆಯಲ್ಲಿ ಇಳಿದು ರೇಣುಕಮ್ಮ ಡಾಕ್ಟರನ್ನು ಕೇಳಿದಳು. "ಇದು ತೆಗೆಸಿದ್ರೆ ಸುಸ್ತು ಹೋಗ್ತದಾ ಮೇಡಂ?"

ಕಾಂಚನಾ ಪೆನ್ನು ಕೆಳಗಿಟ್ಟರು. "ನಿಮ್ಮ ಮಗಳಿಗೆ ಹೋಗುತ್ತೆ ಅಂತ ಧೈರ್ಯವಾಗಿ ಹೇಳಿದ್ದೆ. ನಿಮಗೆ ಹಾಗೆ ಹೇಳಲಾರೆ. ಕಲ್ಲು ನಿಲ್ಲುತ್ತೆ, ಮೂಳೆ ಉಳಿಯುತ್ತೆ. ಸುಸ್ತಿನಲ್ಲಿ ಗ್ರಂಥಿಯದ್ದೆಷ್ಟು, ಹಂಡೆಯದ್ದೆಷ್ಟು ಅಂತ ನಂಗೆ ಗೊತ್ತಿಲ್ಲ."

"ಅಷ್ಟಾದ್ರೆ ಸಾಕು," ಅಂದಳು ರೇಣುಕಮ್ಮ.

ಅವಳ ಆಪರೇಷನ್ ಸಲೀಸಾಗಿ ಆಯಿತು. ಬೆರಳು ಸೆಟೆಯಲಿಲ್ಲ, ಐದನೆಯ ದಿನಕ್ಕೆ ಮನೆಗೆ ಕಳಿಸಿದರು. ಎರಡು ತಿಂಗಳಿಗೆ ಬೆರಳ ಗೆಣ್ಣಿನ ನೋವು ಇಳಿಯಿತು. ತಲೆಯೊಳಗಿನ ಮಂಜು ಅರ್ಧ ಹರಿಯಿತು. ಸಂಜೆ ನಾಲ್ಕಕ್ಕೆ ಈಗಲೂ ಸುಸ್ತಾಗುತ್ತಿತ್ತು. ಆದರೆ ಮಲಗಿ ಎದ್ದರೆ ಅದು ಕಡಿಮೆಯಾಗುತ್ತಿತ್ತು. ದಣಿವೆಂಬುದು ಮಲಗಿದರೆ ಹೋಗುವ ವಸ್ತುವೆಂದು ನಲವತ್ತೊಂದನೆಯ ವಯಸ್ಸಿನಲ್ಲಿ ತಿಳಿದು ಅವಳಿಗೆ ಸಂತೋಷಕ್ಕಿಂತ ಬೇಸರವೇ ಹೆಚ್ಚಾಯಿತು. ಕಳೆದ ವರ್ಷಗಳನ್ನು ಯಾರ ಹತ್ತಿರ ಕೇಳುವುದು?

ಉಳಿದದ್ದು ದುರುಗೇಶ. ಅಕ್ಕ ಮೂರು ಸಲ ಫೋನು ಮಾಡಿದರೂ ಅವನ ಉತ್ತರ ಒಂದೇ. "ನಂಗೇನಾಗೈತೆ? ಗಟ್ಟಿಮುಟ್ಟಾಗಿ ಅದೀನಿ."

ಶ್ರಾವಣದ ಒಂದು ಭಾನುವಾರ ರೇಣುಕಮ್ಮ ದೇವಸಮುದ್ರದ ಬಸ್ಸು ಹತ್ತಿದಳು. ಜೊತೆಗೆ ಬರುತ್ತೇನೆಂದ ಶಶಿರೇಖಾಳನ್ನು ಓದಲು ಕೂರಿಸಿ ಒಬ್ಬಳೇ ಹೊರಟಳು. ದುರುಗೇಶ ಹಟ್ಟಿಯ ಮುಂದೆ ಕುರಿಮರಿಗೆ ಮದ್ದು ಕುಡಿಸುತ್ತಿದ್ದ. ಅವನ ಹನ್ನೆರಡು ವರ್ಷದ ಮಗಳು ನೆರಳಿನಲ್ಲಿ ಗೋಡೆಗೆ ಒರಗಿ ಕೂತಿದ್ದಳು.

"ಯಾಕಮ್ಮಾ ಅಲ್ಲಿ ಕೂತಿದೀಯ?" ರೇಣುಕಮ್ಮ ಕೇಳಿದಳು.

"ಕಾಲು ನೋವು ಅತ್ತೆ."

"ಶಾಲೆಗೆ ಹೋಗ್ಬೇಕು ಅಂದ್ರೆ ಕಾಲು ನೋವು ಅದಕ್ಕೆ," ಅಂದು ದುರುಗೇಶ ನಕ್ಕ.

"ಇವತ್ತು ಭಾನುವಾರ ಕಣೋ."

ಅವನ ನಗು ಅರ್ಧಕ್ಕೆ ನಿಂತಿತು. ರೇಣುಕಮ್ಮ ಕೊರಳಿನ ಗಾಯದ ಗೆರೆಯನ್ನು ಸೆರಗು ಸರಿಸಿ ತೋರಿಸಿದಳು. ಮಗಳ ತೋಳು ಹೇಗೆ ಮುರಿಯಿತೆಂದು ಹೇಳಿದಳು. ಬಚ್ಚಲಿನ ಕತೆಯಲ್ಲ, ಆದದ್ದು ಆದ ಹಾಗೆ. ದುರುಗೇಶ ಕೈಯಲ್ಲಿದ್ದ ಮರಿಯನ್ನು ಕೆಳಗೆ ಬಿಟ್ಟ. ಕೇಳಿದ ಮೇಲೂ, "ಉಣ್ಣೆ ಕತ್ತರಿಸೋದು ಮುಗೀಲಕ್ಕ. ಮುಂದಿನ ತಿಂಗ್ಳು ಬರ್ತೀವಿ," ಅಂದ.

"ಹಂಗೇ ಅನ್ಕೋತಾ ನಾನೂ ಎಷ್ಟೋ ತಿಂಗ್ಳು ದೂಡಿದೆ," ಅಂದು ರೇಣುಕಮ್ಮ ಜಗಲಿಯ ಮೇಲೆ ಕೂತಳು. ಚಪ್ಪಲಿ ಬಿಚ್ಚಿ ಕಾಲು ಮೇಲಿಟ್ಟುಕೊಂಡಳು. ಬಿಸಿಲಿನಲ್ಲಿ ನಡೆದು ಬಂದ ಸುಸ್ತು ಮೈಗೆಲ್ಲ ಹರಡುತ್ತಿತ್ತು. "ಇವತ್ತು ಇಲ್ಲೇ ಇರ್ತೀನಿ. ನಾಳೆ ಏಳಕ್ಕೆ ಚಳ್ಳಕೆರೆ ಬಸ್ಸು. ನೀನು, ಮಗಳು, ಇಬ್ರೂ ಬರ್ತೀರಿ. ಬರದಿದ್ರೆ ನಾ ಇಲ್ಲಿಂದ ಏಳಲ್ಲ."

ದುರುಗೇಶ ಅಕ್ಕನನ್ನೂ ಕುರಿಗಳನ್ನೂ ನೋಡಿದ. ಕೊನೆಗೆ ಹೆಂಡತಿಯನ್ನು ಕೂಗಿ, ಅಕ್ಕನಿಗೆ ಅನ್ನಕ್ಕಿಡು ಅಂದ. ಹುಡುಗಿ ಮೆಲ್ಲಗೆ ಎದ್ದು, ಗೋಡೆ ಹಿಡಿದುಕೊಂಡು ಬಂದು ಅತ್ತೆಯ ಪಕ್ಕ ಕೂತಳು. ರೇಣುಕಮ್ಮ ಅವಳ ಕಾಲನ್ನು ತೊಡೆಯ ಮೇಲೆ ಎಳೆದುಕೊಳ್ಳಲಿಲ್ಲ. "ಎಲ್ಲಿ ನೋಯ್ತೈತೆ, ತೋರ್ಸು," ಅಂದು, ಹುಡುಗಿ ತಾನೇ ಕಾಲು ಚಾಚುವವರೆಗೆ ಕಾದಳು.